ಕುದುರೆ

ಬಲಗೈಗೆ ಪಾರ್ಶ್ವವಾಯು ಬಡಿದು ಹದಿನಾಲ್ಕು ವಾರ.
ಆಸ್ಪತ್ರೆಯ ಮೆತ್ತನೆಯ ಹಳದಿ ಚೆಂಡನ್ನು
ಹಿಸುಕಿ ಎಂದರೆ ಹಿಸುಕುವವರಲ್ಲ ಹೊರೇಸ್ ಪಾರ್ಜಿಟರ್.
"ಇದಕ್ಕೊಂದು ಆಕಾರವೇ ಇಲ್ಲವಲ್ಲ, ಮಗಳೇ.
ಆಕಾರವಿಲ್ಲದ್ದನ್ನು ಕೈ ಯಾಕೆ ಹಿಡಿಯಬೇಕು?"

ಹಾಗಾಗಿ ಗುರುವಾರ, ಪಾಳಿ ಮುಗಿಸಿ,
ಬರ್ಮಿಂಗ್‌ಹ್ಯಾಮಿನ ಬಸ್ಸು ಹಿಡಿದು ಸ್ಮೆದಿಕ್‌ಗೆ ಹೋದೆ,
ಕಾಲುವೆ ಪಕ್ಕದ ಅವರ ಶೆಡ್ಡಿಗೆ.
ಸೀಮೆಎಣ್ಣೆ ಹೀಟರು, ಖಾಲಿ ಬಟಾಣಿ ಡಬ್ಬಿಗಳು,
ಹಳೆ ಬಿಲಿಯರ್ಡ್ಸ್ ಮೇಜಿನಿಂದ ಕತ್ತರಿಸಿದ ಹಸಿರು ಬಟ್ಟೆಯ ಮೇಲೆ
ಹನ್ನೊಂದು ಪಿಸ್ತೂಲು, ಮೂತಿ ಗೋಡೆಗೆ.

ಮದ್ದಿಲ್ಲ, ಹೊಗೆಯಿಲ್ಲ.
ಒಳಗೆ ಒಂದು ಸ್ಪ್ರಿಂಗು, ಒಂದು ಪಿಸ್ಟನ್ನು,
ಮತ್ತೆ ಈ ಊರಿನದೇ ಗಾಳಿ.
ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಎಂದು
ಯಾರನ್ನಾದರೂ ಆಡಿಕೊಂಡು ನಗುತ್ತಿದ್ದಳು ನಮ್ಮಜ್ಜಿ.
ಇಲ್ಲಿ ಗಾಳಿಯನ್ನೇ ಗುದ್ದಿ ಗುದ್ದಿ
ಡಬ್ಬಿಗಳ ಮೈ ನೋಯಿಸಿದ್ದಾರೆ.

"ಯಾವುದು ಚೆಲುವೆ, ಹೇಳು ನೋಡುವ."
ನಾನು ಬೆರಳಿಟ್ಟದ್ದು ಅಮೆರಿಕದ ಹೈ-ಸ್ಕೋರಿನ ಮೇಲೆ:
ಸಪೂರ, ಉದ್ದ, ಕೀಲು ಕಾಣದ ಕಪ್ಪು,
ಸಣ್ಣ ನಿಲ್ದಾಣದಲ್ಲಿ ನಿಲ್ಲದೆ ಹಾಯುವ ರೈಲು.
ಅವರು ಮೂಗೆಳೆದರು. "ಅದು
ಕನ್ನಡಿ ನೋಡಿಕೊಂಡೇ ಹುಟ್ಟಿದ್ದು."

ಎಡಗೈಯಲ್ಲಿ ವೆಬ್ಲಿಯನ್ನು ಎತ್ತಿ ಕೊಟ್ಟರು.
ಕೆಳಗೆ ದಪ್ಪ ಉರುಳೆ, ಅದರ ಬೆನ್ನ ಮೇಲೆ
ಉದ್ದಕ್ಕೂ ಮಲಗಿದ ಸಣ್ಣ ನಳಿಗೆ,
ರಾತ್ರಿ ಬಸ್ಸಿನಲ್ಲಿ ಅಮ್ಮನಿಗೆ ಒರಗಿದ ಹುಡುಗಿ ಹಾಗೆ.
ಬೇಕಲೈಟ್ ಹಿಡಿಯ ತುಂಬ ಚೌಕುಳಿ ಗೆರೆ.
ಒಂದು ಕಡೆ ಮಾತ್ರ ಯಾವುದೋ ಹೆಬ್ಬೆರಳು
ಅವನ್ನೆಲ್ಲ ಒರೆಸಿ ನುಣುಪು ಮಾಡಿದೆ.
ಕೈ ಓದುವುದು ನನ್ನ ಕಸುಬು,
ಭವಿಷ್ಯಕ್ಕಲ್ಲ, ಕೀಲುಗಳಿಗೆ.
ಇದು ಎಡಚಿಯದು, ಎಂದೆ. ಹೆಬ್ಬೆರಳು ಗಿಡ್ಡ.

ತುಸು ಹೊತ್ತು ಹೀಟರೊಂದೇ ಸದ್ದು ಮಾಡಿತು.
"ಸೋದರತ್ತೆ ಹೆಪ್ಸಿಬಾ. ತರಕಾರಿ ಪಾತಿಯಲ್ಲಿ
ಇಲಿ ಹೊಡೆಯುತ್ತಿದ್ದಳು,
ಚರ್ಚಿಗೆ ಹೋಗುವ ಹ್ಯಾಟಿನಲ್ಲೇ."

ಕೊನೆಗೆ ಫ್ಲಾನೆಲ್ ಬಿಡಿಸಿ ತೆಗೆದದ್ದು ವಾರಿಯರ್.
ಮೊಂಡು ಮುಖ, ಅಲ್ಲಲ್ಲಿ ಸುಲಿದ ನಿಕ್ಕಲ್,
ಪಕ್ಕೆಗಂಟಿದ ಒಂದು ಸನ್ನೆಕೋಲು.
ಇದೂ ಚೆಲುವೆಯೇ?
"ನಿಂತಾಗ ಅಲ್ಲ. ನಡಿಗೆ ನೋಡು."

ನೋಡಿದೆ. ಆದರೆ ಸನ್ನೆಕೋಲನ್ನಲ್ಲ.
ಚೆಂಡಿಗೆ ಒಲಿಯದ ಬಲಗೈ ಮೇಜಿನಿಂದ ಎದ್ದಿತ್ತು.
ಉಂಗುರದ ಬೆರಳು ಮೊದಲು ಮಡಿಯಿತು,
ಆಮೇಲೆ ನಡುಬೆರಳು,
ಕಿರುಬೆರಳು ಇನ್ನೂ ಹೊರಗೇ, ಮುನಿಸಿಕೊಂಡ ಮಗು.
ತೋರುಬೆರಳು ಟ್ರಿಗರಿನವರೆಗೆ ಹೋಗಿ ನಿಂತಿತು.

"ನಮ್ಮ ಭಾಷೆಯಲ್ಲಿ ಇದಕ್ಕೆ ಕುದುರೆ ಅಂತೇವೆ."
"ಕು-ದು-ರೆ?"
"ಹಾರ್ಸ್."
ಬಾಯಿಯ ಒಂದು ಬದಿ ಮಾತ್ರ ನಕ್ಕಿತು.
"ಹಾಗಾದರೆ ಎಳೆಯಬಾರದು, ಮಗಳೇ.
ಮೊದಲು ನೀರು ತೋರಿಸಬೇಕು."

ಸನ್ನೆಕೋಲನ್ನು ನಾನು ಎಳೆದೆ; ರಟ್ಟೆ ಉಳುಕಿತು.
ಖಾಲಿ ಬಿಟ್ಟರೆ ಸ್ಪ್ರಿಂಗಿಗೆ ನೋವಂತೆ,
ಸೀಸದ ಒಂದು ಪುಟ್ಟ ಗುಂಡನ್ನೂ ನಾನೇ ಇಟ್ಟೆ.
ಉಳಿದದ್ದು ಅವರದು.

ಠಪ್.

ಡಬ್ಬಿ ಅಲುಗಲಿಲ್ಲ.
ಹಿಂದಿನ ಕ್ಯಾಲೆಂಡರಿನಲ್ಲಿ
ನವೆಂಬರ್ ಒಂಬತ್ತಕ್ಕೆ ತೂತು.
"ಅವತ್ತು ಹಲ್ಲಿನ ಡಾಕ್ಟರಿತ್ತು,"
ಎಂದರು ಪಾರ್ಜಿಟರ್, ದೊಡ್ಡ ನೆಮ್ಮದಿಯಲ್ಲಿ.

ಮರುದಿನ ಆಸ್ಪತ್ರೆಯ ಹಾಳೆಯಲ್ಲಿ ತುಂಬಿದೆ:
ಹಿಡಿತ, ಮೂರು ಬೆರಳು.
ಹಿಡಿದ ವಸ್ತು ಎಂಬ ಕಡೆ
ಪೆನ್ನು ಸ್ವಲ್ಪ ತಡೆದು,
ಕುದುರೆ ಎಂದು ಬರೆಯಿತು, ಕನ್ನಡದಲ್ಲಿ.